ಹಿರೇಬೆಣಕಲ್‌ನ ಮೋರೇರ ಗುಡ್ಡ: ಮೊದಲ ಸಲ ಹತ್ತುವವರಿಗೆ

ಹಿರೇಬೆಣಕಲ್ ಗುಡ್ಡವನ್ನು ಮೊದಲ ಸಲ ಹತ್ತಿದಾಗ ನನ್ನ ಕಣ್ಣೆಲ್ಲ ಎದುರಿನ ದೊಡ್ಡ ಕಲ್ಮನೆಗಳ ಮೇಲಿತ್ತು. ಆಳೆತ್ತರದ ಚಪ್ಪಡಿಗಳು, ಅವುಗಳ ತಲೆಯ ಮೇಲೆ ಇನ್ನೊಂದು ಚಪ್ಪಡಿ. ಫೋಟೊ ತೆಗೆಯಲು ಹಿಂದೆ ಹಿಂದೆ ಸರಿಯುತ್ತಿದ್ದೆ. ಜೊತೆಗೆ ಬಂದಿದ್ದ ಕುರಿ ಕಾಯುವ ಅಜ್ಜ ಅಲ್ಲೇ ತಡೆದರು.

"ಸರ, ಕಾಲ್ ಬುಡಕ ನೋಡ್ರಿ. ನೀವ್ ನಿಂತದ್ದೇ ಗೋರಿ ಒಳಗ."

ಬಗ್ಗಿ ನೋಡಿದೆ. ಒಣಹುಲ್ಲಿನ ಮಧ್ಯೆ ಮೊಣಕಾಲಿಗೂ ಬಾರದ ಕಲ್ಲುಗಳು ದುಂಡಗೆ ಕೂತಿದ್ದವು. ನಾನು ಆ ದುಂಡಿನ ನಡುವೆ ನಿಂತಿದ್ದೆ. ಅದಕ್ಕೂ ಮುಂಚೆ ಎಷ್ಟನ್ನು ತುಳಿದು ಬಂದಿದ್ದೆನೋ.

ಈ ಗುಡ್ಡಕ್ಕೆ ಹೋಗುವವರು ಈಗ ಜಾಸ್ತಿಯಾಗಿದ್ದಾರೆ. ಬಹಳ ಜನ ಒಂದು ಗಂಟೆಯಲ್ಲಿ ನಾಲ್ಕು ದೊಡ್ಡ ಕಲ್ಮನೆ ನೋಡಿ, ನಗಾರಿಯಂತೆ ದನಿ ಕೊಡುವ ನಗಾರಿ ಕಲ್ಲು ಬಡಿದು, ಇಳಿದು ಬರುತ್ತಾರೆ. ಇಲ್ಲಿ ನೋಡಬೇಕಾದದ್ದರಲ್ಲಿ ಮುಕ್ಕಾಲು ಪಾಲು ಕಾಲಿನ ಬುಡದಲ್ಲೇ ಇದೆ. ಯಾವ ಕಲ್ಲು ಎಲ್ಲಿ ಕೂತಿದೆ ಅನ್ನುವುದೇ ಇಲ್ಲಿನ ಬರಹ. ಬೇರೆ ಶಾಸನ ಇಲ್ಲ. ಒಂದು ಕಲ್ಲು ಜರುಗಿದರೆ ಒಂದು ಅಕ್ಷರ ಅಳಿಸಿದ ಹಾಗೆ. ಹಾಗಾಗಿ ಹೇಗೆ ಹೋಗಬೇಕು ಅನ್ನುವುದರ ಜೊತೆಗೆ ಹೇಗೆ ನೋಡಬೇಕು, ಎಲ್ಲಿ ಕಾಲಿಡಬೇಕು ಅನ್ನುವುದನ್ನೂ ಬರೆಯುತ್ತಿದ್ದೇನೆ.

ಏನು ನೋಡಲು ಹೋಗುತ್ತಿದ್ದೀರಿ ಅಂತ ಮೊದಲು ತಿಳಿದುಕೊಳ್ಳಿ

ಹಿರೇಬೆಣಕಲ್ ಇರುವುದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ. ಊರ ಹತ್ತಿರದ ಗುಡ್ಡಸಾಲಿನ ಮೇಲೆ 400ಕ್ಕೂ ಹೆಚ್ಚು ಶಿಲಾಸಮಾಧಿಗಳಿವೆ, ಅಂದರೆ ಸತ್ತವರಿಗಾಗಿ ಕಲ್ಲಿನಲ್ಲಿ ಕಟ್ಟಿದ ಗೋರಿಗಳು. ಚಪ್ಪಡಿ ನಿಲ್ಲಿಸಿ ಮನೆಯಂತೆ ಕಟ್ಟಿದವೇ ಕಲ್ಮನೆಗಳು. ಸುಮಾರು ಕ್ರಿ.ಪೂ. 800ರಿಂದ ಕ್ರಿ.ಪೂ. 200ರವರೆಗಿನವು ಅಂತ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ನಮ್ಮ ಕಡೆ ಕಬ್ಬಿಣ ಬಳಕೆಗೆ ಬಂದಿದ್ದ ಕಾಲ ಅದು. ಇಷ್ಟು ಕಲ್ಮನೆಗಳು ಒಂದೇ ಕಡೆ, ಅದೂ ನಿಂತ ಸ್ಥಿತಿಯಲ್ಲಿ ಸಿಗುವುದು ದಕ್ಷಿಣ ಭಾರತದಲ್ಲಿ ಬಲು ಅಪರೂಪ. ಈ ಜಾಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು.

ಊರಿನವರ ಬಾಯಲ್ಲಿ ಇದು ಮೋರೇರ ಗುಡ್ಡ, ಮೋರ್ಯರ ಗುಡ್ಡ. ಏಳು ಗುಡ್ಡ ಅನ್ನುವವರೂ ಇದ್ದಾರೆ. ಮೋರೇರು ಅಂದರೆ ಬಹಳ ಹಿಂದೆ ಇಲ್ಲಿದ್ದ ಕುಳ್ಳ ಜನ, ಅವರ ಅಳತೆಗೆ ಕಟ್ಟಿಕೊಂಡ ಮನೆಗಳಿವು ಅನ್ನುವುದು ಕಥೆ. ಇಂಥ ಕಲ್ಮನೆಗಳಿಗೆ ಬೇರೆ ಕಡೆ ಪಾಂಡವರ ಗುಡಿ ಅನ್ನುತ್ತಾರೆ. ಹೆಸರು ಹತ್ತಿರ ಕೇಳಿಸುತ್ತದೆ ಅಂತ ಮೌರ್ಯ ಚಕ್ರವರ್ತಿಗಳಿಗೆ ಗಂಟು ಹಾಕಬೇಡಿ. ಇಲ್ಲಿನ ಹಳೆಯ ಸಮಾಧಿಗಳು ಮೌರ್ಯರಿಗಿಂತ ನಾನೂರು ವರ್ಷಕ್ಕೂ ಹಿಂದಿನವು. ಕೊನೆಕೊನೆಯವು ಮಾತ್ರ ಅಶೋಕನ ಕಾಲಕ್ಕೆ ಬರುತ್ತವೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಅವನ್ನು ಬಂಡೆಗೆ ಕೊರೆಯುತ್ತಿದ್ದಾಗ ಈ ಗುಡ್ಡದ ಮೇಲೆ ಇನ್ನೂ ಚಪ್ಪಡಿಗಳು ಏಳುತ್ತಿದ್ದವೋ ಏನೋ. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ದಿನ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳಿ

ನವೆಂಬರ್‌ನಿಂದ ಫೆಬ್ರುವರಿವರೆಗೆ ಹೋಗಿ. ಏಪ್ರಿಲ್, ಮೇ ತಿಂಗಳಲ್ಲಿ ಬೇಡವೇ ಬೇಡ. ಬಿಸಿಲು 40 ಡಿಗ್ರಿ ದಾಟುತ್ತದೆ, ಬಂಡೆ ಕಾದ ಹೆಂಚಿನಂತಾಗುತ್ತದೆ, ನೆರಳು ಸಿಗುವುದೇ ಕಷ್ಟ. ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಹುಲ್ಲು ಬೆಳೆದು ಸಣ್ಣ ಸಮಾಧಿಗಳನ್ನೆಲ್ಲ ಮುಚ್ಚಿಬಿಡುತ್ತದೆ. ಬಂಡೆ ಜಾರುತ್ತದೆ. ಹಾವು ಎಲ್ಲಿದೆ ಅಂತ ತಿಳಿಯುವುದಿಲ್ಲ.

ಬೆಳಿಗ್ಗೆ ಆರೂವರೆಗೆಲ್ಲ ಹತ್ತಲು ಶುರು ಮಾಡಿ. ತಂಪು ಒಂದು ಕಾರಣ. ಅದಕ್ಕಿಂತ ಮುಖ್ಯ ಕಾರಣ ಬೆಳಕು. ಸೂರ್ಯ ತಗ್ಗಿನಲ್ಲಿದ್ದಾಗ ಗೇಣುದ್ದದ ಕಲ್ಲಿಗೂ ಮಾರುದ್ದದ ನೆರಳು ಬೀಳುತ್ತದೆ. ನೆಲದಲ್ಲಿ ಹುದುಗಿದ ಕಲ್ಲುಗಳ ಸಾಲು, ದುಂಡು ಎಲ್ಲ ಎದ್ದು ಕಾಣುತ್ತದೆ. ಹನ್ನೊಂದು ಗಂಟೆಯಾದರೆ ಅದೇ ಜಾಗ ಬರೀ ಕಲ್ಲುರಾಶಿ. ಸಂಜೆಯ ಬೆಳಕೂ ಇಷ್ಟೇ ಚೆನ್ನಾಗಿರುತ್ತದೆ. ಆದರೆ ಕತ್ತಲಾಗುವ ಮೊದಲು ಇಳಿಯಲೇಬೇಕು. ಈ ಭಾಗದ ಗುಡ್ಡಗಳಲ್ಲಿ ಕರಡಿ ಮತ್ತು ಚಿರತೆ ಓಡಾಡುತ್ತವೆ. ಕರಡಿಗಳು ಗವಿಗಳಿಂದ ಹೊರಗೆ ಬರುವುದು ಸಂಜೆಯ ಹೊತ್ತಿಗೇ.

ಹತ್ತಿ, ನಿಧಾನವಾಗಿ ನೋಡಿ, ಇಳಿಯಲು ಐದು ಗಂಟೆ ಇಟ್ಟುಕೊಳ್ಳಿ. ಹಂಪಿ ನೋಡಿಕೊಂಡು ಮಧ್ಯಾಹ್ನ ಮೇಲೆ ಇಲ್ಲಿಗೆ ಒಂದು ಸುತ್ತು ಅನ್ನುವ ಲೆಕ್ಕ ಹಾಕಬೇಡಿ. ಎರಡೂ ಕೆಡುತ್ತದೆ.

ದಾರಿ

ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ಹೊಸಪೇಟೆ ಕಡೆಯಿಂದ ಬಂದರೆ ಸುಮಾರು 35 ಕಿ.ಮೀ. ಗಂಗಾವತಿಗೆ ಬಸ್ಸು ಬೇಕಾದಷ್ಟಿವೆ, ರೈಲೂ ಬಂದಿದೆ. ಹಿಂದಿನ ರಾತ್ರಿ ಗಂಗಾವತಿಯಲ್ಲೇ ಉಳಿದುಕೊಂಡರೆ ಬೆಳಗಿನ ಬೆಳಕು ತಪ್ಪುವುದಿಲ್ಲ. ಹಿರೇಬೆಣಕಲ್ ಊರಿನಿಂದ ಮುಂದೆ ನಡಿಗೆ. ಎರಡು ಮೂರು ಕಿಲೋಮೀಟರ್ ಕಾಲುದಾರಿ. ಕಡಿದಾದ ಏರೇನೂ ಅಲ್ಲ. ಆದರೆ ಬಂಡೆಯಿಂದ ಬಂಡೆಗೆ ಕಾಲಿಡುವ ದಾರಿ, ಮುಳ್ಳುಕಂಟಿ ಜಾಸ್ತಿ.

ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ಮೂರು ಲೀಟರ್ ನೀರು. ನಾನು ಒಂದು ಸಲ ಏಪ್ರಿಲ್‌ನಲ್ಲಿ ಒಂದೇ ಬಾಟಲಿ ಹಿಡಿದು ಹೋಗಿ ಅರ್ಧದಾರಿಯಲ್ಲೇ ತಲೆಸುತ್ತು ಬಂದು ಇಳಿದಿದ್ದೇನೆ. ಮೇಲೆ ಅಂಗಡಿ ಇಲ್ಲ. ಹೊಂಡದ ನೀರು ಕುಡಿಯಬಾರದು.

ಹಿಡಿತ ಇರುವ ಮುಚ್ಚಿದ ಬೂಟು, ಉದ್ದ ಪ್ಯಾಂಟು, ಟೊಪ್ಪಿಗೆ. ಚಿಕ್ಕ ಟಾರ್ಚು, ಕಲ್ಮನೆಯ ಚಪ್ಪಡಿಯಲ್ಲಿರುವ ಕಿಂಡಿಯ ಒಳಗೆ ಇಣುಕಿ ನೋಡಲು. ದಿಕ್ಸೂಚಿ, ಫೋನಿನಲ್ಲಿರುವುದೇ ಸಾಕು. ಒಂದು ನೋಟ್‌ಬುಕ್ಕು, ಪೆನ್ಸಿಲ್ಲು. ನೆಟ್ ಸಿಗದಿದ್ದರೆ ಅಂತ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ತಿಂಡಿ ಕಟ್ಟಿಕೊಂಡು ಹೋದರೆ ಅದರ ಕಾಗದ, ಸಿಪ್ಪೆ, ಎಲ್ಲ ವಾಪಸ್ ತರಲು ಒಂದು ಖಾಲಿ ಚೀಲ.

ಊದುಬತ್ತಿ, ಕರ್ಪೂರ, ಕುಂಕುಮ ಬೇಡ. ಕೆಲವರು ಭಕ್ತಿಯಿಂದಲೇ ಹಚ್ಚುತ್ತಾರೆ. ಆದರೆ ಹೊಗೆಯ ಕರೆ, ಎಣ್ಣೆಯ ಜಿಡ್ಡು ಕಲ್ಲಿನಿಂದ ಹೋಗುವುದಿಲ್ಲ.

ಊರಿನವರೊಬ್ಬರನ್ನು ಕರೆದುಕೊಳ್ಳಿ

ಇದನ್ನು ಮಾತ್ರ ಬಿಡಬೇಡಿ. ಗುಡ್ಡದ ಮೇಲೆ ಕುರಿ ಮೇಕೆ ಹೋದ ಹತ್ತಾರು ದಾರಿಗಳಿವೆ. ಎಲ್ಲವೂ ಸರಿಯಾದ ದಾರಿಯಂತೆಯೇ ಕಾಣುತ್ತವೆ. ಹಿಂದಿನ ದಿನವೇ ಊರಿಗೆ ಹೋಗಿ, ಅಂಗಡಿಯ ಹತ್ತಿರವೋ ಕಟ್ಟೆಯ ಮೇಲೋ ಕೇಳಿ. "ಮೋರೇರ ಗುಡ್ಡಕ್ಕ ಯಾರರ ಬರ್ತೀರೇನ್ರಿ" ಅಂದರೆ ಸಾಕು, ಒಬ್ಬರಾದರೂ ಸಿಗುತ್ತಾರೆ. ಅವರ ದಿನದ ಕೂಲಿ ಎಷ್ಟೋ ಅಷ್ಟನ್ನಾದರೂ ಕೊಡಿ. ಕೊಡುವುದನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಅವರಿಗೂ ನೀರು, ತಿಂಡಿ ನೀವೇ ಒಯ್ಯಿರಿ.

ಅವರು ಹೇಳುವ ಕಥೆಯನ್ನು ಅರ್ಧಕ್ಕೆ ತಡೆದು ಇತಿಹಾಸ ಹೇಳಲು ಹೋಗಬೇಡಿ. ಕುಳ್ಳರ ಕಥೆ ಸುಳ್ಳು, ನಿಜ ಅನ್ನುವುದು ಬೇರೆ ಮಾತು. ಈ ಕಲ್ಲುಗಳು ತಮ್ಮ ಹಿಂದಿನವರದ್ದು, ಸುಮ್ನೆ ಮುಟ್ಟಬಾರದು ಅನ್ನುವ ಭಯಭಕ್ತಿಯನ್ನು ಇಷ್ಟು ದಿನ ಉಳಿಸಿದ್ದು ಆ ಕಥೆಯೇ ಅಲ್ವಾ.

ದಾರಿಯಲ್ಲಿ ಬಣ್ಣದ ಚಿತ್ರಗಳನ್ನು ಕೇಳಿ ನೋಡಿ

ಗುಡ್ಡದ ಕೆಲವು ಬಂಡೆಯಾಸರೆಗಳಲ್ಲಿ ಕೆಮ್ಮಣ್ಣಿನ ಬಣ್ಣದ ಚಿತ್ರಗಳಿವೆ. ಜಿಂಕೆ, ಬೇಟೆ, ಕುಣಿಯುವ ಜನ. ಜೊತೆಗೆ ಬಂದವರನ್ನು ಕೇಳದಿದ್ದರೆ ಪಕ್ಕದಲ್ಲೇ ಹಾದು ಹೋಗಿಬಿಡುತ್ತೀರಿ. ಬಣ್ಣ ಮಾಸಿ ಕಾಣುತ್ತದೆ ಅಂತ ಅದರ ಮೇಲೆ ನೀರು ಎರಚಬೇಡಿ. ಒಂದು ಕ್ಷಣ ಕೆಂಪು ಎದ್ದು ಕಾಣುತ್ತದೆ. ಆದರೆ ಪ್ರತಿ ಸಲ ನೀರು ಆರುವಾಗ ಉಪ್ಪಿನ ಪೊರೆ ಬಂಡೆಯ ಮೇಲೆ ಉಳಿದು ಚಿತ್ರ ಇನ್ನಷ್ಟು ಮಂಕಾಗುತ್ತದೆ. ಬೆರಳಿನಿಂದ ಸವರಬೇಡಿ. ನೆರಳಿಗೆ ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೂತರೆ ತಾನಾಗಿ ಕಾಣತೊಡಗುತ್ತದೆ.

ಮೇಲೆ ತಲುಪಿದ ಕೂಡಲೇ ನಡೆಯಬೇಡಿ, ನಿಲ್ಲಿ

ಹತ್ತು ನಿಮಿಷ. ಬರಿಬಂಡೆಯ ಮೇಲೆ ಒಂದು ಜಾಗ ಹಿಡಿದು ನಿಂತು ಸುತ್ತ ನೋಡಿ. ಮೊದಲು ದೊಡ್ಡವು ಕಾಣುತ್ತವೆ. ಅವುಗಳಲ್ಲಿ ಕೆಲವು ಆಳಿಗಿಂತ ಎತ್ತರ ಇವೆ. ಅವುಗಳ ನಡುವೆ ಸೊಂಟದೆತ್ತರದವು ಕಾಣತೊಡಗುತ್ತವೆ. ಆಮೇಲೆ ಅರ್ಧ ಮಣ್ಣಲ್ಲಿ ಹೂತವು. ಕೊನೆಗೆ, ಕಣ್ಣು ಪಳಗಿದ ಮೇಲೆ, ನೆಲಮಟ್ಟದ ಕಲ್ಲುದುಂಡುಗಳು.

ದುಂಡನ್ನು ಗುರುತಿಸುವ ಬಗೆ ಹೀಗೆ. ಗುಡ್ಡದಲ್ಲಿ ತಾನಾಗಿ ಉರುಳಿದ ಕಲ್ಲುಗಳು ಅಳತೆ ಇಲ್ಲದೆ ಚದುರಿರುತ್ತವೆ, ಇಳಿಜಾರಿನ ಕಡೆ ಗುಂಪಾಗಿರುತ್ತವೆ. ಇಟ್ಟ ಕಲ್ಲುಗಳು ಹಾಗಲ್ಲ. ಹೆಚ್ಚುಕಡಿಮೆ ಒಂದೇ ಗಾತ್ರ, ಹೆಚ್ಚುಕಡಿಮೆ ಒಂದೇ ಅಂತರ. ಒಂದು ಕಲ್ಲಿನಿಂದ ಕಣ್ಣನ್ನು ಪಕ್ಕದ ಕಲ್ಲಿಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ಹರಿಸಿ. ಸುತ್ತಿ ಹೊರಟಲ್ಲಿಗೇ ಬಂದರೆ ಅದು ಕಲ್ಲುವೃತ್ತ. ಒಳಗೆ ನೆಲ ತುಸು ಉಬ್ಬಿ ಚಿಕ್ಕ ಕಲ್ಲುಗಳು ತುಂಬಿದ್ದರೆ ಅದು ಕಲ್ಲುಗುಪ್ಪೆ. ಅದರ ಅಡಿಯಲ್ಲಿ ಗುಂಡಿಯೋ ಕಲ್ಲಿನ ತೊಟ್ಟಿಯೋ ಇರಬಹುದು.

ಈ ಹತ್ತು ನಿಮಿಷ ನಿಂತವರ ಕಾಲು ಆಮೇಲೆ ತಪ್ಪು ಜಾಗಕ್ಕೆ ಬೀಳುವುದು ಕಡಿಮೆ. ಮುಂದೆ ನಡೆಯುವಾಗ ಸಾಧ್ಯವಾದಷ್ಟು ಬರಿಬಂಡೆಯ ಮೇಲೆ ಕಾಲಿಡಿ. ಕಲ್ಲುಗುಪ್ಪೆಯ ಮೇಲೆ ಹತ್ತಬೇಡಿ. ಚಿಕ್ಕ ಕಲ್ಲುಗಳು ಒಂದೊಂದಾಗಿ ಜಾರಿ ಗುಪ್ಪೆ ಹರಡಿಹೋಗುತ್ತದೆ.

ಒಂದು ಕಲ್ಮನೆಯನ್ನು ಪೂರ್ತಿ ಓದಿ

ಎಲ್ಲವನ್ನೂ ನೋಡುವ ಹಟ ಬೇಡ. ಚೆನ್ನಾಗಿ ಉಳಿದ ಒಂದನ್ನು ಆರಿಸಿ, ಅದರ ಸುತ್ತ ಮುಟ್ಟದೆ ಮೂರು ಸುತ್ತು ಹಾಕಿ. ಪ್ರತಿ ಸುತ್ತಿಗೂ ಒಂದೊಂದೇ ವಿಷಯ ನೋಡಿ.

ಮೊದಲ ಸುತ್ತು ಗೋಡೆಗಳಿಗೆ. ಎಷ್ಟು ಚಪ್ಪಡಿಗಳಿವೆ? ಬಹಳ ಕಡೆ ಮೂರು ಕಡೆ ಗೋಡೆ, ಮೇಲೆ ಮುಚ್ಚುಕಲ್ಲು, ಒಂದು ಕಡೆ ಬಯಲು. ಕೆಲವಕ್ಕೆ ನಾಲ್ಕನೆಯ ಚಪ್ಪಡಿಯೂ ಇದ್ದು ಅದರಲ್ಲಿ ದುಂಡನೆಯ ಕಿಂಡಿ ಇರುತ್ತದೆ. ಚಪ್ಪಡಿಗಳು ಮೂಲೆಯಲ್ಲಿ ಹೇಗೆ ಸೇರಿವೆ ನೋಡಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದ ಕಲ್ಲುತೊಟ್ಟಿಗಳಲ್ಲಿ (ನೆಲದೊಳಗೆ ಚಪ್ಪಡಿ ನಿಲ್ಲಿಸಿ ಮಾಡಿದ ಗೋರಿಗಳು) ಒಂದು ಚಪ್ಪಡಿಯ ತುದಿ ಪಕ್ಕದ್ದನ್ನು ದಾಟಿ ಮುಂದೆ ಚಾಚಿತ್ತು. ನಾಲ್ಕೂ ಹಾಗೆ. ಮೇಲಿನಿಂದ ನೋಡಿದರೆ ಸ್ವಸ್ತಿಕದಂತೆ. ಒಂದು ಇನ್ನೊಂದನ್ನು ತಡೆದು ಹಿಡಿಯುವುದರಿಂದ ಗೋಡೆ ಒಳಗೆ ಬೀಳುವುದಿಲ್ಲ. ಗಾರೆ ಇಲ್ಲ, ಮೊಳೆ ಇಲ್ಲ. ತೂಕವೇ ತೂಕವನ್ನು ಹಿಡಿದಿದೆ. ನೀವು ನೋಡುತ್ತಿರುವ ಕಲ್ಮನೆಯಲ್ಲಿ ಏನು ಉಪಾಯ ಮಾಡಿದ್ದಾರೆ ಅಂತ ನೋಟ್‌ಬುಕ್ಕಿನಲ್ಲಿ ಮೇಲಿನಿಂದ ನೋಡಿದಂತೆ ನಾಲ್ಕು ಗೆರೆ ಎಳೆದುಕೊಳ್ಳಿ. ಚಪ್ಪಡಿಯ ಬುಡಕ್ಕೆ ಚಿಕ್ಕ ಕಲ್ಲು ಆನಿಸಿದ್ದರೆ ಅದನ್ನೂ ಗುರುತು ಹಾಕಿ. ಆ ಮುಷ್ಟಿಗಾತ್ರದ ಕಲ್ಲನ್ನು ಯಾರೋ ಎತ್ತಿ ನೋಡಿ ಆಚೆ ಇಟ್ಟರೆ ಇಡೀ ಮನೆ ವಾಲಬಹುದು.

ಎರಡನೆಯ ಸುತ್ತು ಕಲ್ಲಿಗೆ. ಚಪ್ಪಡಿಯ ಅಂಚು ನೋಡಿ. ಇಷ್ಟು ತೆಳ್ಳಗೆ, ಇಷ್ಟು ಸಪಾಟಾಗಿ ಹೇಗೆ ಸಿಕ್ಕಿತು? ಈ ಭಾಗದ ಕಣಶಿಲೆ, ಅಂದರೆ ಗ್ರಾನೈಟ್, ಬಿಸಿಲು ಚಳಿಗೆ ಈರುಳ್ಳಿಯಂತೆ ಪದರ ಪದರವಾಗಿ ಬಿಡುತ್ತದೆ. ಕಟ್ಟಿದವರು ಅದನ್ನು ಬಲ್ಲವರು. ಬಿಟ್ಟುಕೊಂಡ ಪದರವನ್ನು ಮೀಟಿ ಎಬ್ಬಿಸಿದರೆ ಗೋಡೆ ಸಿದ್ಧ. ಸುತ್ತಲಿನ ಬಂಡೆಗಳ ಮೇಲೆ ಪದರ ಎದ್ದುಹೋದ ಗಾಯ ಕಾಣುತ್ತದಾ ಹುಡುಕಿ. ಗುಡ್ಡದ ಮೇಲೆ ಒಂದು ಹೊಂಡ ಇದೆ. ಸಮಾಧಿಗಳಿಗೆ ಕಲ್ಲು ಎಬ್ಬಿಸಿದ ಜಾಗ ಅದು, ಆ ತಗ್ಗಿನಲ್ಲಿ ನೀರು ನಿಂತು ಹೊಂಡವಾಯಿತು ಅನ್ನುವುದು ಅಧ್ಯಯನ ಮಾಡಿದವರ ಮಾತು. ಒಂದು ಎಚ್ಚರ: ಎಲ್ಲಾದರೂ ಬಂಡೆಯ ಮೇಲೆ ಸಾಲಾಗಿ ಚೌಕದ ಗುಳಿಗಳು ಕಂಡರೆ ಅದನ್ನು ಮೋರೇರ ಲೆಕ್ಕಕ್ಕೆ ಹಾಕಬೇಡಿ. ಉಳಿಯಲ್ಲಿ ಗುಳಿ ತೋಡಿ ಬೆಣೆ ಹೊಡೆದು ಕಲ್ಲು ಸೀಳುವುದು ಬಹಳ ನಂತರದ ಕೆಲಸ. ಹಂಪಿಯಲ್ಲಿ ಅಂಥ ಗುಳಿಸಾಲು ಎಲ್ಲೆಲ್ಲೂ ಇವೆ.

ಮೂರನೆಯ ಸುತ್ತು ಕಿಂಡಿಗೆ. ದಿಕ್ಸೂಚಿ ತೆಗೆದು ಕಿಂಡಿ ಯಾವ ದಿಕ್ಕಿಗಿದೆ ಬರೆದುಕೊಳ್ಳಿ. ಬ್ರಹ್ಮಗಿರಿಯಲ್ಲಿ ಕಿಂಡಿಗಳು ಹೆಚ್ಚಾಗಿ ಪೂರ್ವಕ್ಕೆ. ಇಲ್ಲಿ ಹತ್ತು ಕಲ್ಮನೆಗಳ ದಿಕ್ಕನ್ನು ನೀವೇ ಬರೆದುಕೊಂಡು ಹೋಲಿಸಿ ನೋಡಿ. ಮಕ್ಕಳು ಜೊತೆಗಿದ್ದರೆ ಈ ಕೆಲಸ ಅವರಿಗೆ ಕೊಡಿ, ಬಹಳ ಶ್ರದ್ಧೆಯಿಂದ ಮಾಡುತ್ತಾರೆ. ಕಿಂಡಿ ಯಾತಕ್ಕೆ? ಸತ್ತವರಿಗೆ ಎಡೆ ಇಡಲು ಅನ್ನುತ್ತಾರೆ, ಜೀವ ಹೋಗಿಬರಲು ಅನ್ನುತ್ತಾರೆ, ಮುಂದೆ ಮನೆಯವರ ಮೂಳೆಗಳನ್ನು ಒಳಗೆ ಸೇರಿಸಲು ಅನ್ನುತ್ತಾರೆ. ನನಗೆ ಕೊನೆಯದು ಹೆಚ್ಚು ಸರಿ ಅನ್ನಿಸುತ್ತದೆ. ಏಕೆಂದರೆ ಬ್ರಹ್ಮಗಿರಿಯ ತೊಟ್ಟಿಗಳಲ್ಲಿ ಸಿಕ್ಕಿದ್ದು ಪೂರ್ತಿ ದೇಹವಲ್ಲ, ಒಬ್ಬರಿಗಿಂತ ಹೆಚ್ಚು ಜನರ ಆಯ್ದ ಮೂಳೆಗಳು.

ಕಿಂಡಿಯೊಳಗೆ ಟಾರ್ಚು ಬಿಟ್ಟು ಹೊರಗಿನಿಂದಲೇ ನೋಡಿ. ಒಳಗೆ ತೂರಬೇಡಿ. ಹಾವು, ಚೇಳು, ಜೇನು ಯಾವುದಾದರೂ ಇರಬಹುದು. ಭುಜ ತಾಗಿ ಚಪ್ಪಡಿ ಜರುಗಲೂಬಹುದು.

ಇನ್ನೊಂದು ವಿಷಯ ನೀವೇ ಗಮನಿಸುತ್ತೀರಿ. ಕೆಲವು ಕಲ್ಮನೆಗಳು ಬರಿಬಂಡೆಯ ಮೇಲೆ ನಿಂತಿವೆ. ಹೂಳಲು ಅಲ್ಲಿ ಮಣ್ಣೇ ಇಲ್ಲ. ಹಾಗಾದರೆ ಅದು ಸಮಾಧಿಯಾ, ಸತ್ತವರ ನೆನಪಿಗೆ ನಿಲ್ಲಿಸಿದ ಗುಡಿಯಾ? ಇದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ದೊಡ್ಡ ಗುಂಡಿನ ಅಡಿಗೆ ಕಲ್ಲು ಆನಿಸಿ, ಸಂದಿಗೆ ಗೋಡೆ ಕಟ್ಟಿ ಮಾಡಿದ ಕೋಣೆಗಳೂ ಇವೆ. ಅವು ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ, ಹಾಗಾಗಿ ಯಾರೂ ನಿಲ್ಲುವುದಿಲ್ಲ. ನೀವು ನಿಲ್ಲಿ.

ನಗಾರಿ ಕಲ್ಲನ್ನು ಕೆಳಗಿನಿಂದ ನೋಡಿ

ಎತ್ತರದ ಬಂಡೆಯ ನೆತ್ತಿಯ ಮೇಲೆ ಅರ್ಧಗೋಳದಂಥ ಒಂದು ಗುಂಡು ಇದೆ. ಅಡ್ಡಳತೆ ಸುಮಾರು ಎರಡು ಮೀಟರ್. ಬಡಿದರೆ ನಗಾರಿಯಂತೆ ದನಿ ಕೊಡುತ್ತದೆ, ಬಹಳ ದೂರ ಕೇಳಿಸುತ್ತದೆ. ಹಾಗಾಗಿ ಬಂದವರೆಲ್ಲ ಒಂದು ಕಲ್ಲು ಹಿಡಿದು ಹತ್ತುತ್ತಾರೆ. ನನ್ನ ಮಾತು ಕೇಳಿ, ಹತ್ತಬೇಡಿ. ಬಂಡೆ ಸುಮಾರು ಹತ್ತು ಮೀಟರ್ ಎತ್ತರ, ಜಾರಿದರೆ ಹಿಡಿದುಕೊಳ್ಳಲು ಏನೂ ಇಲ್ಲ. ದನಿ ಬರುವುದು ಕಲ್ಲಿನ ಆಕಾರ ಮತ್ತು ಅದು ಕೂತ ರೀತಿಯಿಂದ. ದಿನಾ ಹತ್ತು ಜನ ಕಲ್ಲಿನಿಂದ ಗುದ್ದಿದರೆ ಮೇಲ್ಮೈ ಒಡೆಯುತ್ತದೆ, ಬಿರುಕು ಬಿಡುತ್ತದೆ. ಎರಡೂವರೆ ಸಾವಿರ ವರ್ಷದ ಹಿಂದೆ ಆ ದನಿ ಯಾರನ್ನು ಕರೆಯಿತೋ. ಇನ್ನೂ ಕೇಳಿಸುವ ಹಾಗೆ ಉಳಿಯಲಿ.

ಫೋಟೊ, ಅಳತೆ

ಕೈಯಲ್ಲಿ ಹಿಡಿದ ಫೋನು, ಕ್ಯಾಮೆರಾದಲ್ಲಿ ಫೋಟೊ ತೆಗೆಯಿರಿ. ಡ್ರೋನ್‌ಗೆ ಅನುಮತಿ ಬೇಕು. ಟ್ರೈಪಾಡ್, ಲೈಟು ಹಚ್ಚಿ ಚಿತ್ರೀಕರಣ ಮಾಡುವುದಿದ್ದರೂ ಇಲಾಖೆಯಿಂದ ಮೊದಲೇ ಒಪ್ಪಿಗೆ ಪಡೆಯಬೇಕು. ಅಳತೆ ಗೊತ್ತಾಗಲು ನೀರಿನ ಬಾಟಲಿಯನ್ನೋ ಟೊಪ್ಪಿಗೆಯನ್ನೋ ಪಕ್ಕದ ಬಂಡೆಯ ಮೇಲೆ ಇಡಿ. ಚಾಕ್‌ಪೀಸಿನಲ್ಲಿ ಗೆರೆ ಎಳೆಯಬೇಡಿ. ಮುಚ್ಚುಕಲ್ಲಿನ ಮೇಲೆ ಹತ್ತಿ, ಕೂತು ಫೋಟೊ ತೆಗೆಸಿಕೊಳ್ಳುವುದಂತೂ ಬೇಡ. ಗೋಡೆಯ ಮೇಲೆ ಬೀಳುವ ಭಾರವನ್ನು ಕಟ್ಟಿದವರು ಲೆಕ್ಕ ಹಾಕಿಯೇ ಇಟ್ಟಿದ್ದಾರೆ, ಆ ಲೆಕ್ಕದಲ್ಲಿ ನಾವು ಇರಲಿಲ್ಲ.

ಮಡಕೆ ಚೂರು ಕಂಡರೆ

ಮಳೆ ಬಂದು ಮಣ್ಣು ಕೊಚ್ಚಿದ ಕಡೆ ಚೂರುಗಳು ಕಾಣಬಹುದು. ಒಳಗೆ ಕಪ್ಪು, ಹೊರಗೆ ಕೆಂಪು ಇದ್ದರೆ ಅದು ಆ ಕಾಲದ ಗುರುತಿನ ಮಡಕೆ. ಮಡಕೆಯನ್ನು ಬೋರಲು ಹಾಕಿ ಸುಡುತ್ತಿದ್ದರು. ಗಾಳಿ ತಾಗಿದ ಹೊರಮೈ ಕೆಂಪಾಯಿತು, ಗಾಳಿ ಸಿಗದ ಒಳಮೈ ಕಪ್ಪಾಯಿತು. ನೋಡಿ, ಫೋಟೊ ತೆಗೆಯಿರಿ, ಅಲ್ಲೇ ಬಿಡಿ. ಚೂರು ಯಾವ ಸಮಾಧಿಯ ಪಕ್ಕದಲ್ಲಿತ್ತು ಅನ್ನುವುದರಲ್ಲೇ ಅದರ ಬೆಲೆ ಇರುವುದು. ನಿಮ್ಮ ಮನೆಯ ಶೋಕೇಸಿನಲ್ಲಿ ಅದು ಬರೀ ಚೂರು.

ಕಾನೂನೂ ಇದನ್ನೇ ಹೇಳುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ, ಕಲ್ಲುಗಣಿಗಾರಿಕೆ ನಿಷಿದ್ಧ. ಅಲ್ಲಿಂದ ಮುಂದೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಇದು 2010ರ ತಿದ್ದುಪಡಿ.

ನಿಧಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಲ್ಲಿ ನಿಧಿ ಇಲ್ಲ. ದಕ್ಷಿಣದ ಶಿಲಾಸಮಾಧಿಗಳಲ್ಲಿ ಅಗೆದಾಗ ಸಿಗುವುದು ಮಡಕೆ, ಕಬ್ಬಿಣದ ಕತ್ತಿ, ಕೊಡಲಿ, ಬಾಣದ ಮೊನೆ, ಕೆಂಪು ಕಲ್ಲಿನ ಮಣಿ, ಮೂಳೆ. ಆದರೂ ನಿಧಿಯ ಆಸೆಗೆ ಅಮಾವಾಸ್ಯೆಯ ರಾತ್ರಿ ಬಂದು ಚಪ್ಪಡಿ ಉರುಳಿಸಿ, ಒಳಗೆ ಅಗೆದು ಹೋದ ಗುರುತುಗಳನ್ನು ನೋಡಿದ್ದೇನೆ. ಆ ಉರುಳಿದ ಚಪ್ಪಡಿಗಳ ಮುಂದೆ ನಿಂತಾಗ ಆಗುವ ಸಂಕಟ ಹೇಳಲು ಬಾರದು. ನೆಲದಲ್ಲಿ ಸಿಕ್ಕಿದ್ದು ಕಂಡವರ ಪಾಲು ಅನ್ನುವ ನಂಬಿಕೆಯೂ ತಪ್ಪು. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಅಗೆಯುತ್ತಿರುವವರು ಎದುರಿಗೇ ಕಂಡರೆ ಜಗಳಕ್ಕೆ ಹೋಗಬೇಡಿ. ಸದ್ದಿಲ್ಲದೆ ಇಳಿದು 112ಕ್ಕೆ ಕರೆ ಮಾಡಿ. ಹೊಸದಾಗಿ ತೋಡಿದ ಗುಂಡಿ, ಒಡೆದ ಚಪ್ಪಡಿ ಕಂಡರೆ ಏನನ್ನೂ ಸರಿಮಾಡಲು ಹೋಗದೆ ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೊ ತೆಗೆಯಿರಿ. ಫೋನಿನಲ್ಲಿ ಆ ಜಾಗದ ಲೊಕೇಶನ್ ಉಳಿಸಿಕೊಳ್ಳಿ. ಪುರಾತತ್ವ ಸರ್ವೇಕ್ಷಣ ಇಲಾಖೆಗೂ ಗ್ರಾಮ ಪಂಚಾಯಿತಿಗೂ ದಿನಾಂಕ ಹಾಕಿ ಬರೆದು ಕಳಿಸಿ. ಬಿದ್ದ ಚಪ್ಪಡಿಯನ್ನು ಒಳ್ಳೆಯ ಮನಸ್ಸಿನಿಂದಲೇ ಎತ್ತಿ ನಿಲ್ಲಿಸುವುದೂ ಹಾನಿಯೇ. ಅದು ಯಾವ ಕಡೆ ಬಿತ್ತು ಅನ್ನುವುದರಿಂದ ಎಷ್ಟೋ ತಿಳಿಯುತ್ತದೆ.

ಇನ್ನೂ ನೋಡಬೇಕು ಅನ್ನಿಸಿದರೆ

ಆನೆಗೊಂದಿಯ ಹತ್ತಿರ ಒನಕೆ ಕಿಂಡಿಯಲ್ಲಿ ಬಂಡೆಚಿತ್ರಗಳಿವೆ, ಅದೇ ಪ್ರವಾಸದಲ್ಲಿ ಸೇರಿಸಿಕೊಳ್ಳಬಹುದು. ಐಹೊಳೆಗೆ ಹೋದರೆ ಮೇಗುತಿ ಗುಡಿ ನೋಡಿ ಹಾಗೇ ಇಳಿದು ಬರಬೇಡಿ. ಕ್ರಿ.ಶ. 634ರ ಆ ಗುಡಿಯ ಹಿಂದಿನ ಗುಡ್ಡದ ಮೇಲೆ, ಅದಕ್ಕಿಂತ ಎಷ್ಟೋ ಹಳೆಯ ಕಲ್ಮನೆಗಳಿವೆ. ಯಾದಗಿರಿ ಜಿಲ್ಲೆಯ ರಾಜನಕೋಳೂರು ಇನ್ನೊಂದು ದೊಡ್ಡ ನೆಲೆ. 19ನೇ ಶತಮಾನದಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಆ ಭಾಗದ ಸಮಾಧಿಗಳನ್ನು ಅಗೆದು ವಿವರ ಬರೆದಿಟ್ಟವರು. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಮಾಧಿಗಿಂತ ಬೇರೆಯದೇ ಇದೆ, ಬಯಲಿನಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಳು. ಬೆಂಗಳೂರಿನವರಿಗೆ ಹತ್ತಿರದ ಚಿಕ್ಕಜಾಲದಲ್ಲಿ ಇದ್ದ ಸಮಾಧಿಗಳಲ್ಲಿ ಬಹಳಷ್ಟು ಹಾಳಾಗಿವೆ. ಉಳಿದಿದ್ದನ್ನು ನೋಡಿದವರಿಗೆ ಹಿರೇಬೆಣಕಲ್‌ನ ಬೆಲೆ ಬೇಗ ಗೊತ್ತಾಗುತ್ತದೆ.

ಮನೆಗೆ ಬಂದ ಮೇಲೆ

ಅದೇ ರಾತ್ರಿ ನೋಟ್‌ಬುಕ್ಕನ್ನು ತೆಗೆದು ಬಿಟ್ಟುಹೋದದ್ದನ್ನು ಸೇರಿಸಿ. ಜೊತೆಗೆ ಬಂದ ಅಜ್ಜ ಹೇಳಿದ ಕಥೆಯನ್ನು ಅವರ ಮಾತಿನಲ್ಲೇ ಬರೆದಿಡಿ. ನೀವು ಪೂರ್ತಿ ಓದಿದ ಆ ಒಂದು ಕಲ್ಮನೆಯ ಫೋಟೊಗಳನ್ನು ಬೇರೆ ಇಡಿ. ಎಲ್ಲಿ ನಿಂತು ತೆಗೆದದ್ದು, ಯಾವ ದಿಕ್ಕಿಗೆ ಮುಖ ಮಾಡಿದ್ದಿರಿ, ಯಾವ ದಿನ ಅಂತ ಬರೆಯಿರಿ. ಮುಂದಿನ ಸಲ ಹೋದಾಗ ಅದೇ ಜಾಗದಲ್ಲಿ ನಿಂತು ಅದೇ ಕಲ್ಮನೆಯ ಫೋಟೊ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಬುಡಕ್ಕೆ ಆನಿಸಿದ ಆ ಮುಷ್ಟಿಗಾತ್ರದ ಕಲ್ಲು ಇನ್ನೂ ಅಲ್ಲೇ ಇದೆಯಾ ಅಂತ ಗೊತ್ತಾಗುತ್ತದೆ.